ಮೌಂಟ್ ವರ್ನನ್‌ಗೆ ಹೋಗ್ತಿದ್ರೆ ಅಡುಗೆಮನೆ ಕಡೆ ಟೈಮ್ ಇಟ್ಕೊಳ್ಳಿ

ಊರಿಂದ ಅಪ್ಪ ಅಮ್ಮ ಬಂದ್ರೆ ವಾಷಿಂಗ್ಟನ್ ಡಿಸಿಲಿ ವೈಟ್ ಹೌಸ್ ಮುಂದೆ ಫೋಟೋ, ಒಂದೆರಡು ಮ್ಯೂಸಿಯಂ, ಅಲ್ಲಿಗೆ ಮುಗೀತು ಅಂತಾರೆ ಎಲ್ರೂ. ಇನ್ನೊಂದು ದಿನ ಕೈಲಿದ್ರೆ ಅಮೆರಿಕದ ಮೊದಲ ಪ್ರೆಸಿಡೆಂಟ್ ಜಾರ್ಜ್ ವಾಷಿಂಗ್ಟನ್ ಮನೆ ಮೌಂಟ್ ವರ್ನನ್‌ಗೆ ಹೋಗಿ, ವರ್ಜೀನಿಯಾದಲ್ಲಿ ಪೊಟೋಮ್ಯಾಕ್ ನದಿ ದಂಡೆ ಮೇಲಿದೆ. ಕಾರಿದ್ರೆ ತಲೆನೋವಿಲ್ಲ, ಪಾರ್ಕಿಂಗ್ ಫ್ರೀ. ಇಲ್ಲಾಂದ್ರೆ ಮೆಟ್ರೋ ಯೆಲ್ಲೋ ಲೈನಲ್ಲಿ ಹಂಟಿಂಗ್‌ಟನ್ ತನಕ ಹೋಗಿ ಅಲ್ಲಿಂದ ಫೇರ್‌ಫ್ಯಾಕ್ಸ್ ಕನೆಕ್ಟರ್ ಬಸ್ಸು, ಆದ್ರೆ ವಾಪಸ್ ಬಸ್ ಎಷ್ಟೊತ್ತಿಗೆ ಅಂತ ಹೊರಡೋಕ್ ಮುಂಚೆನೇ ನೋಡ್ಕೊಂಡ್ಬಿಡಿ.

ಟಿಕೆಟ್ ಆನ್‌ಲೈನಲ್ಲೇ ತಗೊಳ್ಳಿ, ಮನೆ ಒಳಗೆ ಹೋಗೋಕೆ ಬೇರೆ ಟೈಮ್ ಸ್ಲಾಟ್ ಇರತ್ತೆ. ಯಾವ ರೂಮು ತೆಗೆದಿದೆ ಅಂತಾನೂ ಆಗ್ಲೇ ಚೆಕ್ ಮಾಡಿ, ಹಳೇ ಮನೆ ಅಲ್ವಾ, ರಿಪೇರಿ ನಡೀತಾನೇ ಇರತ್ತೆ. ಹೊರಗಿನ ಗೋಡೆ ದೂರದಿಂದ ಕಲ್ಲು ಅನ್ಸತ್ತೆ, ಹತ್ರ ಹೋದ್ರೆ ಬರೀ ಹಲಗೆ, ಕಲ್ಲಿನ ಥರ ಗೀರು ಹಾಕಿ ಹಸಿ ಪೇಂಟ್ ಮೇಲೆ ಮರಳು ಎರಚಿರೋದು! ನಡುಮನೇಲಿ ಫ್ರೆಂಚ್ ಕ್ರಾಂತೀಲಿ ಜನ ಮುತ್ತಿದ ಪ್ಯಾರಿಸ್ಸಿನ ಬಾಸ್ಟೀಲ್ ಜೈಲಿನ ಬೀಗದಕೈ ಇದೆ, ವಾಷಿಂಗ್ಟನ್ ಜೊತೆ ಯುದ್ಧ ಮಾಡಿದ್ದ ಫ್ರೆಂಚ್ ಸೇನಾನಿ ಲಾಫಾಯೆಟ್ 1790ರಲ್ಲಿ ಕಳಿಸಿದ್ದು. ನಮ್ ಪಕ್ಕದಲ್ಲಿದ್ದೋರು ಅದನ್ನ ನೋಡ್ದೇ ಮುಂದೆ ಹೋದ್ರು.

ಮನೆ ನೋಡಿದ ತಕ್ಷಣ ಜನ ಗೇಟ್ ಕಡೆ ಹೊರಡ್ತಾರೆ, ನೀವು ಹಾಗೆ ಮಾಡ್ಬೇಡಿ. ಅಡುಗೆಮನೆ ಬೇರೆ ಕಟ್ಟಡ, ಬೆಂಕಿ ಭಯ, ಸೆಕೆ, ವಾಸನೆ ಅಂತ ದೂರ ಇಟ್ಟಿದ್ರು, ಊಟನ ಕಂಬಸಾಲಿನ ಮಾಡು ಕೆಳಗೆ ಹೊತ್ಕೊಂಡು ಮನೆಗೆ ತರ್ಬೇಕಿತ್ತು. ಅದರ ಸುತ್ತಮುತ್ತನೇ ಹಂದಿಮಾಂಸಕ್ಕೆ ಹೊಗೆ ಹಾಕೋ ಮನೆ, ಬಟ್ಟೆ ಒಗೆಯೋ ಮನೆ, ನೂಲೋ ಮನೆ. ಉಸ್ತುವಾರಿ ವಾಷಿಂಗ್ಟನ್ ಹೆಂಡತಿ ಮಾರ್ಥಾದು, ಮೈಮುರಿಯೋ ಕೆಲ್ಸ ಗುಲಾಮರದ್ದು. 1799ರಲ್ಲಿ ಇಲ್ಲಿದ್ದ ಗುಲಾಮರು 317 ಜನ. ಹರ್ಕ್ಯುಲಿಸ್ ಅನ್ನೋ ಅಡುಗೆಯವನು ಪ್ರೆಸಿಡೆಂಟ್ ಆಗಿದ್ದ ವಾಷಿಂಗ್ಟನ್‌ಗೆ ಆಗಿನ ರಾಜಧಾನಿ ಫಿಲಡೆಲ್ಫಿಯಾದಲ್ಲಿ ಅಡುಗೆ ಮಾಡಿ ಹೆಸರು ಮಾಡಿದ್ದೋನು, ಆಮೇಲೆ ಇಲ್ಲಿಗೆ ಕರ್ಸಿ ಅಗೆಯೋ ಕೆಲ್ಸಕ್ಕೆಲ್ಲಾ ಹಚ್ಚಿದ್ರು, 1797ರ ಫೆಬ್ರವರಿ 22ಕ್ಕೆ ಓಡಿಹೋದ, ಅವತ್ತು ಯಜಮಾನರ ಹುಟ್ಟುಹಬ್ಬ ಬೇರೆ. ವಾಷಿಂಗ್ಟನ್ ಉಯಿಲಲ್ಲಿ ಗುಲಾಮರನ್ನ ಬಿಡುಗಡೆ ಮಾಡಿದ್ರು ಅಂತ ಹೊಗಳ್ತಾರಲ್ಲ, ಅದು ಅವರ ಹೆಸರಲ್ಲಿದ್ದ 123 ಜನಕ್ಕೆ ಮಾತ್ರ, ಮಾರ್ಥಾ ಮೊದಲ ಗಂಡನ ಆಸ್ತಿ ಲೆಕ್ಕದಲ್ಲಿ ಬಂದೋರು ಹಾಗೇ ಗುಲಾಮರಾಗೇ ಉಳಿದ್ರು. ಮನೆ ಒಳಗಿನ ಬಣ್ಣದ ರೂಮುಗಳಿಗಿಂತ ನಂಗೆ ಹೊರಗಿನ ಈ ಕಟ್ಟಡಗಳ ಸಾಲೇ ಜಾಸ್ತಿ ಹಿಡಿಸ್ತು.

ವಾಷಿಂಗ್ಟನ್ ಸಮಾಧಿ ಹತ್ರ ಗುಲಾಮರ ಸ್ಮಾರಕ ಇದೆ, ಅದೂ ನೋಡಿ, ಆದ್ರೆ ದಾರಿ ಇಳಿಜಾರು, ಮಂಡಿ ನೋವಿರೋರು ನಿಧಾನಕ್ಕೆ ಹೋಗ್ಲಿ. ಮ್ಯೂಸಿಯಂ ಕೊನೆಗಿಟ್ಕೊಳ್ಳಿ, ಅಲ್ಲಿ ವಾಷಿಂಗ್ಟನ್ ಹಾಕ್ಕೊಳ್ತಿದ್ದ ಹಲ್ಲಿನ ಸೆಟ್ಟಿದೆ, ಮರದ್ದು ಅಂತ ಹೇಳೋದೆಲ್ಲ ಸುಳ್ಳು, ಸೀಸದ ತಳಕ್ಕೆ ಮನುಷ್ಯರ ಹಲ್ಲು, ಪ್ರಾಣಿ ಹಲ್ಲು ಕೂರ್ಸಿದ್ದಾರೆ. ಮಕ್ಕಳು ಅಲ್ಲಿಂದ ಅಲ್ಲಾಡಲ್ಲ. ಊಟಕ್ಕೆ ಗೇಟ್ ಹತ್ರ ಫುಡ್ ಕೋರ್ಟ್ ಇದೆ, ಅಪ್ಪ ಅಮ್ಮ ಪ್ಯೂರ್ ವೆಜ್ ಆದ್ರೆ ಚಪಾತಿ, ಚಿತ್ರಾನ್ನ ಕಟ್ಕೊಂಡು ಕಾರಲ್ಲಿಟ್ಕೊಳ್ಳೋದೇ ವಾಸಿ.