ಧ್ವನಿಪೆಟ್ಟಿಗೆ ಉಳಿಸುವ ಮುನ್ನ ಒಂದು ಲೋಟ ನೀರು

ರೇಡಿಯೇಷನ್ ವಿಭಾಗದ ವೈದ್ಯನಾದ ನನಗೆ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ರೋಗಿಗಳು ಮೊದಲು ಕೇಳುವ ಪ್ರಶ್ನೆ ಒಂದೇ: "ಆಪರೇಷನ್ನೋ, ಕರೆಂಟೋ, ಕೀಮೋನೋ, ಯಾವುದು ಒಳ್ಳೇದು ಸಾರ್?" ಇವು ಸರಿಸಮನಾದ ಮೂರು ದಾರಿಗಳಲ್ಲ. ರೋಗವನ್ನು ಗುಣಪಡಿಸುವ ಹೊಣೆ ಶಸ್ತ್ರಚಿಕಿತ್ಸೆಯದು ಅಥವಾ ರೋಗಿಗಳು 'ಕರೆಂಟ್' ಎನ್ನುವ ವಿಕಿರಣದ್ದು. ಕೀಮೊ ಒಂದರಿಂದಲೇ ಇದು ವಾಸಿಯಾಗದು, ವಿಕಿರಣದ ಜೊತೆ ಕೊಟ್ಟಾಗ ಅದರ ಬಲವನ್ನು ಹೆಚ್ಚಿಸುತ್ತದೆ. ಬಾಯಿಯ ಕ್ಯಾನ್ಸರಿಗೆ ಸಾಮಾನ್ಯವಾಗಿ ಆಪರೇಷನ್ನೇ ಮೊದಲು. ತೂಗಿ ನೋಡುವ ಕಷ್ಟ ಎದುರಾಗುವುದು ಧ್ವನಿಪೆಟ್ಟಿಗೆಯ ಕ್ಯಾನ್ಸರಿನ ವಿಷಯದಲ್ಲಿ: ಅದನ್ನು ತೆಗೆದುಹಾಕುವುದೋ, ವಿಕಿರಣದಿಂದ ಉಳಿಸಿಕೊಳ್ಳುವುದೋ?

ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದ ಹಿರಿಯರೊಬ್ಬರ ಕಡತ ಟ್ಯೂಮರ್ ಬೋರ್ಡ್ (ಬೇರೆ ಬೇರೆ ವಿಭಾಗದ ವೈದ್ಯರು ಕೂಡಿ ಚಿಕಿತ್ಸೆ ನಿರ್ಧರಿಸುವ ಸಭೆ) ಮುಂದೆ ಬಂದಾಗ, ಕಂಠವೇ ಅವರ ಅನ್ನವೆಂಬ ಕಾರಣಕ್ಕೆ, ಏಳು ವಾರಗಳಲ್ಲಿ 70 ಗ್ರೇ (ವಿಕಿರಣದ ಅಳತೆ) ವಿಕಿರಣ ಮತ್ತು ಸಿಸ್ಪ್ಲಾಟಿನ್ ಎಂಬ ಕೀಮೊ ಔಷಧ ಕೊಡೋಣವೆಂದು ನಾನು ವಾದಿಸಿದೆ. 1991ರಲ್ಲಿ ಪ್ರಕಟವಾದ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಅಧ್ಯಯನದಲ್ಲಿ, ಮೊದಲು ಕೀಮೊ ಮತ್ತು ನಂತರ ವಿಕಿರಣ ಪಡೆದ ಗುಂಪಿನ ಶೇ. 64ರಷ್ಟು ಜನರ ಧ್ವನಿಪೆಟ್ಟಿಗೆ ಉಳಿದಿತ್ತು, ಆಯುಸ್ಸೂ ಆಪರೇಷನ್ ಆದವರಷ್ಟೇ ಇತ್ತು ಎಂಬುದನ್ನು ಉಲ್ಲೇಖಿಸಿದೆ. ಅದೇ ಅಧ್ಯಯನದಲ್ಲಿ ಗಡ್ಡೆ ತೀರಾ ಮುಂದುವರಿದಿದ್ದವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕಡೆಗೂ ಧ್ವನಿಪೆಟ್ಟಿಗೆ ತೆಗೆಯಬೇಕಾಯಿತೆಂಬುದನ್ನು ಹೇಳಲಿಲ್ಲ. ಅದು ನನ್ನ ತಪ್ಪು.

ಆ ಮಧ್ಯಾಹ್ನ ವಾರ್ಡಿನ ಸಿಸ್ಟರ್ ಆ ಹಿರಿಯರಿಗೆ ಸ್ಟೀಲ್ ಲೋಟದಲ್ಲಿ ನೀರು ಕೊಟ್ಟರು. ಎರಡನೇ ಗುಟುಕಿಗೇ ಕೆಮ್ಮು ಒತ್ತರಿಸಿ ಬಂತು. ಲೋಟವನ್ನು ಮಂಡಿಯ ಮೇಲಿಟ್ಟು, ಬಾಗಿ ಕುಳಿತು ಉಸಿರೆಳೆದುಕೊಂಡರೇ ಹೊರತು ಮೂರನೇ ಗುಟುಕಿಗೆ ಕೈ ಎತ್ತಲಿಲ್ಲ. "ಮುದ್ದೆ ಬಿಟ್ಟು ಎರಡು ತಿಂಗಳಾಯ್ತು ಸಾರ್, ಬರೀ ಗಂಜಿ" ಎಂದರು ಅವರ ಹೆಂಡತಿ. ಸ್ಕ್ಯಾನಿನಲ್ಲಿ ಗಡ್ಡೆ ಧ್ವನಿಪೆಟ್ಟಿಗೆಯ ಮೃದ್ವಸ್ಥಿಯನ್ನು (ಮೆದುಮೂಳೆ) ಕೊರೆದು ಹೊರಬಂದಿತ್ತು, ಅಂದರೆ ನಾನು ಹೇಳದೆ ಬಿಟ್ಟ ಆ ತೀರಾ ಮುಂದುವರಿದ ಗುಂಪಿನದೇ. ಕುಡಿದ ನೀರು ಶ್ವಾಸನಾಳಕ್ಕೆ ಇಳಿಯುವಷ್ಟು ಹಾಳಾದ ಧ್ವನಿಪೆಟ್ಟಿಗೆಯನ್ನು ವಿಕಿರಣದಿಂದ ಉಳಿಸಿದರೂ, ಅದು ಮತ್ತೆ ತನ್ನ ಕೆಲಸ ಮಾಡುವ ಭರವಸೆ ಕಡಿಮೆ. ಮೇಲಾಗಿ ಅವರ ಕಿವಿ ಆಗಲೇ ಮಂದವಾಗಿತ್ತು. ಸಿಸ್ಪ್ಲಾಟಿನ್ ಕಿವಿಗೂ ಮೂತ್ರಪಿಂಡಕ್ಕೂ ಪೆಟ್ಟು ಕೊಡಬಲ್ಲ ಔಷಧ.

ಮರುದಿನ ನನ್ನ ಸಲಹೆಯನ್ನು ನಾನೇ ಹಿಂತೆಗೆದುಕೊಂಡೆ. ಧ್ವನಿಪೆಟ್ಟಿಗೆ ತೆಗೆಯುವ ಆಪರೇಷನ್ ಆಗಿ, ಆರು ವಾರದೊಳಗೆ ವಿಕಿರಣ ಶುರುವಾಯಿತು. ತೆಗೆದ ಭಾಗದ ಅಂಚಿನಲ್ಲಿ ರೋಗ ಉಳಿದಿರಲಿಲ್ಲ, ಕುತ್ತಿಗೆಯ ಗ್ರಂಥಿಗಳ ಹೊದಿಕೆಯನ್ನೂ ಅದು ದಾಟಿರಲಿಲ್ಲ. ಹಾಗಾಗಿ ಕೀಮೊ ಬೇಕಾಗಲಿಲ್ಲ. ಈಗ ಅವರು ಕುತ್ತಿಗೆಯ ರಂಧ್ರವನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು, ಒಳಗೆ ಕೂರಿಸಿದ ಪುಟ್ಟ ಕವಾಟದ ನೆರವಿನಿಂದ ಮಾತನಾಡುತ್ತಾರೆ. ಹರಾಜಿಗೆ ಆ ದನಿ ಸಾಲದು. ಆ ನಷ್ಟ ದೊಡ್ಡದು, ಅದನ್ನು ಅವರಿಗೆ ಮೊದಲೇ ತಿಳಿಸಿದ್ದೆವು. ಮುದ್ದೆ ನುಂಗುತ್ತಿದ್ದಾರೆ. ನಾನಂತೂ ಈಗ ಸ್ಕ್ಯಾನ್ ತೆರೆಯುವ ಮೊದಲು ರೋಗಿ ಊಟ ಹೇಗೆ ಮಾಡುತ್ತಾರೆಂದು ಮನೆಯವರನ್ನು ಕೇಳುತ್ತೇನೆ.