ನಟ್ಟಿನ ಮೇಲಿನ ಹಳದಿ ಬಾಣ

ಊರಿಗೆ ಫೋನ್ ಮಾಡಿದಾಗೆಲ್ಲ ನಮ್ಮ ಐಟಿಐ ಹುಡುಗರು ಕೇಳುವುದು ಒಂದೇ ಮಾತು, "ಅಣ್ಣಾ, ದುಬೈದಾಗ ಮೆಕ್ಯಾನಿಕ್ ಕೆಲಸ ಹೆಂಗಿರ್ತದ?" ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಸಂಬಳ ಎಷ್ಟು ಅಂತ ಮಾತ್ರ ಕೇಳಬೇಡಿ, ಅದನ್ನು ನಮ್ಮವ್ವನಿಗೇ ಇನ್ನೂ ಸರಿಯಾಗಿ ಹೇಳಿಲ್ಲ.

ನಾನು ರಾಣೆಬೆನ್ನೂರಿನವನು. ಐಟಿಐನಲ್ಲಿ ಮೋಟಾರ್ ಮೆಕ್ಯಾನಿಕ್ ಟ್ರೇಡ್, ಎರಡು ವರ್ಷ. ಆಮೇಲೆ ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಅಪ್ರೆಂಟಿಸ್. ಈಗ ದುಬೈನ ಅಲ್ ಕೂಜ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸ್ಕೂಲ್ ಬಸ್ಸುಗಳನ್ನು ನೋಡಿಕೊಳ್ಳುವ ಒಂದು ವರ್ಕ್‌ಶಾಪಿನಲ್ಲಿದ್ದೇನೆ. ಇರುವುದು ಸೋನಾಪುರದಲ್ಲಿ. ಹೆಸರು ಕೇಳಿ ಚಿನ್ನದ ಊರು ಅಂದುಕೊಂಡೀರಿ ಮತ್ತೆ! ಕೆಲಸಗಾರರ ಕ್ಯಾಂಪುಗಳೇ ತುಂಬಿರುವ ಜಾಗ ಅದು, ಸರ್ಕಾರಿ ಲೆಕ್ಕದಲ್ಲಿ ಅದರ ಹೆಸರು ಮುಹೈಸ್ನಾ.

ಮೊದಲ ದಿನ ಯಾರ್ಡಿಗೆ ಕಾಲಿಟ್ಟಾಗ ಕಣ್ಣಿಗೆ ಬಿದ್ದಿದ್ದು ಸಾಲಾಗಿ ನಿಂತ ಹಳದಿ ಬಸ್ಸುಗಳು. ಮುಂದೆ ಹೋಗಿ ನೋಡಿದರೆ ಅಶೋಕ್ ಲೇಲ್ಯಾಂಡ್! ರಾಸ್ ಅಲ್ ಖೈಮಾದಲ್ಲಿ ಅವರ ಬಸ್ ಕಟ್ಟುವ ಕಾರ್ಖಾನೆಯೇ ಇದೆಯಂತೆ, ಆಗಲೇ ನನಗೆ ಗೊತ್ತಾಗಿದ್ದು. ಅರೆ, ನಮ್ಮ ಮನೆ ಗಾಡಿನೇ ಅಲ್ವಾ ಅಂತ ಖುಷಿಯಿಂದ ಬಲಗಡೆ ಹೋಗಿ ಸ್ಟೀರಿಂಗ್ ಹುಡುಕಿದೆ. ಇಲ್ಲಿ ಸ್ಟೀರಿಂಗ್ ಎಡಗಡೆ. ಅಲ್ಲಿದ್ದ ಪೇಶಾವರದ ಡ್ರೈವರ್ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ಗಾಡಿ ಅದೇ ಇರಬಹುದು, ಕೆಲಸ ಮಾಡುವ ರೀತಿ ಮಾತ್ರ ಬೇರೆ. ನಾನು ಕಲಿತ ಡಿಪೋದಲ್ಲೂ ಡಾಕಿಂಗ್ (ಕಾಲಕಾಲಕ್ಕೆ ಬಸ್ ನಿಲ್ಲಿಸಿ ಮಾಡುವ ಸರ್ವಿಸ್) ಇತ್ತು, ಚೆಕಿಂಗ್ ಇತ್ತು, ಇಲ್ಲ ಅಂತಲ್ಲ. ಆದರೆ ನಮಗೆ ಹೆಸರು ಬರುತ್ತಿದ್ದುದು ಕೆಟ್ಟ ಗಾಡಿ ರಿಪೇರಿ ಮಾಡಿದಾಗ. ರಾತ್ರಿ ಬಸ್ ಬರುತ್ತಿತ್ತು, ಡ್ರೈವರ್ ಕಂಪ್ಲೇಂಟ್ ಬರೆದಿಟ್ಟು ಹೋಗುತ್ತಿದ್ದ, ಬೆಳಗ್ಗೆಯೊಳಗೆ ರೆಡಿ ಆಗಬೇಕು. ಎಂಜಿನ್ ಸದ್ದು ಕೇಳಿಯೇ ಯಾವ ಇಂಜೆಕ್ಟರ್ ಕೈಕೊಟ್ಟಿದೆ ಅಂತ ಹೇಳುವ ಹಿರಿಯರಿದ್ದರು. ರೋಡಲ್ಲಿ ಬಸ್ ನಿಂತು, ನಾವು ಟೂಲ್ಸ್ ಹಿಡಿದು ಹೋಗಿ ಸ್ಟಾರ್ಟ್ ಮಾಡಿಸಿದರೆ ಪ್ಯಾಸೆಂಜರ್‌ಗಳು ನಮ್ಮನ್ನು ದೇವರ ಥರ ನೋಡುತ್ತಿದ್ದರು. ಇಲ್ಲಿ ಬಸ್ ರೋಡಲ್ಲಿ ನಿಂತರೆ ಮೊದಲು ತೆಗೆಯುವುದೇ ಜಾಬ್ ಕಾರ್ಡ್, ಅಂದರೆ ಆ ಬಸ್ಸಿಗೆ ಮಾಡಿದ ಕೆಲಸ ಬರೆದಿಟ್ಟ ಕಾಗದ. ಕೊನೆಯ ಸರ್ವಿಸ್ ಯಾವತ್ತು, ಸಹಿ ಹಾಕಿದವನು ಯಾರು? ಮಾತು ಶುರುವಾಗುವುದೇ ಅಲ್ಲಿಂದ.

ಕಿಲೋಮೀಟರ್ ಮತ್ತು ತಾರೀಖು ನೋಡಿ ಕಂಪ್ಯೂಟರ್ ದಿನಾ ಬೆಳಗ್ಗೆ ಕಾರ್ಡ್ ಕೊಡುತ್ತದೆ. ಇನ್ನೂ ಚೆನ್ನಾಗಿಯೇ ಇರುವ ಬೆಲ್ಟ್ ತೆಗಿ, ಚೆನ್ನಾಗಿರುವ ಹೋಸ್ ಬಿಚ್ಚು. ಮೊದಮೊದಲು ನನಗೆ ಹೊಟ್ಟೆ ಉರಿಯುತ್ತಿತ್ತು, ನಮ್ಮಲ್ಲಾಗಿದ್ದರೆ ಇದು ಇನ್ನೂ ಆರು ತಿಂಗಳು ಓಡುತ್ತಿತ್ತಲ್ಲಪ್ಪಾ ಅಂತ. ಆ ಉರಿ ಆರಿದ್ದು ಮೊದಲ ಬೇಸಿಗೆ ಕಳೆದ ಮೇಲೆ. 45 ಡಿಗ್ರಿ ಬಿಸಿಲಲ್ಲಿ ರಬ್ಬರ್ ಅನ್ನುವುದು ಹಪ್ಪಳ ಆಗುತ್ತದೆ. ಬ್ಯಾಟರಿ ಎರಡನೇ ಬೇಸಿಗೆ ದಾಟಿದರೆ ನಮ್ಮ ಪುಣ್ಯ. ಟೈರ್ ಅಂತೂ ಗ್ರೂವ್ ಎಷ್ಟಿದ್ದರೂ ಸರಿ, ತಯಾರಾಗಿ 5 ವರ್ಷ ದಾಟಿದ್ದರೆ ಓಡಿಸುವ ಹಾಗಿಲ್ಲ. ಟೈರಿನ ಪಕ್ಕದಲ್ಲಿ ಡಾಟ್ (DOT) ನಂಬರಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2321 ಅಂದರೆ 2021ನೇ ವರ್ಷದ 23ನೇ ವಾರ. ಈಗ ಯಾವ ಗಾಡಿ ಕಂಡರೂ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ನಿಮ್ಮ ಕಾರಿನದ್ದೂ ಒಮ್ಮೆ ನೋಡಿ, ಸುಮ್ನೆ.

ಬಿಸಿಲಿನ ವಿಷಯ ಬಂತಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ನೇರ ಬಿಸಿಲಲ್ಲಿ ಕೆಲಸ ಮಾಡಿಸುವ ಹಾಗಿಲ್ಲ, ಕಾನೂನೇ ಇದೆ. ಆದರೆ ನಮ್ಮದು ಶೆಡ್ಡಿನ ಕೆಳಗಿನ ಕೆಲಸ, ಹಾಗಾಗಿ ನಡೆಯುತ್ತಲೇ ಇರುತ್ತದೆ. ಮೊದಲ ಜುಲೈಯಲ್ಲಿ ಯಾರ್ಡಲ್ಲಿ ಬಿಟ್ಟಿದ್ದ ರಿಂಗ್ ಸ್ಪ್ಯಾನರನ್ನು ಬರಿಗೈಯಲ್ಲಿ ಎತ್ತಿಕೊಂಡೆ. ಒಲೆ ಮೇಲಿನ ಹಂಚು ಮುಟ್ಟಿದ ಹಾಗಾಯಿತು. ಅವತ್ತಿಂದ ಗ್ಲೌಸ್ ಮರೆತಿಲ್ಲ.

ಶಾಲೆಗಳಿಗೆ ಬೇಸಿಗೆ ರಜೆ ಅಂದರೆ ನಮಗೆ ಉಸಿರಾಡಲೂ ಪುರುಸೊತ್ತಿಲ್ಲ ಅಂತ ಅರ್ಥ. ಆಗಸ್ಟ್ ಕೊನೆಗೆ ಶಾಲೆ ಶುರುವಾಗುವಷ್ಟರಲ್ಲಿ ಎಲ್ಲ ಬಸ್ಸುಗಳ ಎಸಿ ಕೊರೆಯಬೇಕು. ಬಸ್ಸಿನ ತಲೆ ಮೇಲೆ ಕಂಡೆನ್ಸರ್ (ಎಸಿಯ ಬಿಸಿ ಹೊರಹಾಕುವ ಭಾಗ) ಇರುತ್ತದೆ, ಅದರೊಳಗೆ ಮರಳಿನ ಧೂಳು ಹಿಟ್ಟಿನ ಹಾಗೆ ಕೂತಿರುತ್ತದೆ. ಗ್ಯಾಸ್ ಸರಿಯಿದೆ, ಕಂಪ್ರೆಸರ್ ಸರಿಯಿದೆ, ಆದರೂ ತಂಪಿಲ್ಲ ಅಂದರೆ ಹತ್ತರಲ್ಲಿ ಆರು ಸಲ ಈ ಧೂಳೇ ಕಾರಣ (ಇದು ನನ್ನ ಅಂದಾಜು, ಎಲ್ಲೂ ಬರೆದಿಟ್ಟಿದ್ದಲ್ಲ). ಬಸ್ಸಿನ ಬ್ರೇಕ್ ನಡೆಯುವುದು ಗಾಳಿಯ ಒತ್ತಡದಲ್ಲಿ, ಆ ಗಾಳಿ ತುಂಬಿಡುವ ಏರ್ ಟ್ಯಾಂಕ್ ಕೂಡ ಆಗಲೇ ಗುಟ್ಟು ಬಿಟ್ಟುಕೊಡುವುದು. ಆಗಸ್ಟಿನ ಗಾಳಿಯಲ್ಲಿ ಮಂಗಳೂರಿನಷ್ಟೇ ನೀರಿರುತ್ತದೆ. ಡ್ರೈನ್ ವಾಲ್ವ್ ಎಳೆದಾಗ ಬರೀ ಗಾಳಿ ಬಂದರೆ ಡ್ರೈಯರ್ (ಗಾಳಿಯಲ್ಲಿನ ನೀರು ತೆಗೆಯುವ ಭಾಗ) ಚೆನ್ನಾಗಿದೆ. ಹಾಲು ಬೆರೆಸಿದ ಚಹಾದ ಥರ ನೀರು ಬಂದರೆ ಡ್ರೈಯರ್ ಮುಗಿದಿದೆ, ಟ್ಯಾಂಕಿಗೆ ಗಾಳಿ ತುಂಬುವ ಕಂಪ್ರೆಸರ್ ಕೂಡ ಆಯಿಲ್ ಬಿಡುತ್ತಿದೆ.

ಸ್ಕೂಲ್ ಬಸ್ಸಿನಲ್ಲಿ ಇನ್ನೊಂದು ಕೆಲಸ ಇದೆ, ಅದನ್ನು ಊರಲ್ಲಿ ನಾನು ಕಂಡಿರಲಿಲ್ಲ. ಎಂಜಿನ್ ಆಫ್ ಮಾಡಿದರೆ ಅಲಾರಂ ಕೂಗುತ್ತದೆ. ಡ್ರೈವರ್ ಎದ್ದು ಕೊನೆಯ ಸೀಟಿನವರೆಗೆ ನಡೆದುಹೋಗಿ ಅಲ್ಲಿರುವ ಬಟನ್ ಒತ್ತಿದರೇ ಅದು ನಿಲ್ಲುವುದು. ಪುಟ್ಟ ಮಕ್ಕಳು ಸೀಟಲ್ಲೇ ನಿದ್ದೆ ಹೋಗಿ, ಯಾರಿಗೂ ಗೊತ್ತಾಗದೆ ಒಳಗೇ ಉಳಿದು ಪ್ರಾಣ ಬಿಟ್ಟ ಘಟನೆಗಳು ಈ ದೇಶದಲ್ಲಿ ನಡೆದಿವೆ. ಟೆಸ್ಟ್ ಮಾಡಲು ನಾವೂ ಪ್ರತಿ ಬಸ್ಸಿನಲ್ಲಿ ಹಾಗೇ ಹಿಂದಿನವರೆಗೆ ನಡೆಯುತ್ತೇವೆ. ಸೀಟಿನ ಕೆಳಗೆ ಪೆನ್ಸಿಲ್, ಒಂದು ಕಾಲಿನ ಸಾಕ್ಸ್, ಅರ್ಧ ತಿಂದ ಬಿಸ್ಕತ್ತು ಸಿಗುತ್ತವೆ. ವರ್ಕ್‌ಶಾಪಿಗೆ ಬಂದ ಖಾಲಿ ಬಸ್ಸಲ್ಲಿ ಯಾರೂ ಇರುವುದಿಲ್ಲ ಅಂತ ಗೊತ್ತು. ಆದರೂ ಬಗ್ಗಿ ನೋಡುತ್ತೇನೆ.

ಈಗ ನನ್ನ ತಪ್ಪಿನ ಕಥೆ. ಇದನ್ನು ಬಿಟ್ಟು ಬರೆದರೆ ಈ ಬರಹ ಸುಳ್ಳಾಗುತ್ತದೆ.

ಎರಡನೇ ವರ್ಷ. ಸಂಜೆ ಹೊತ್ತು ಒಂದು ಬಸ್ಸಿನ ಹಿಂದಿನ ಜೋಡಿ ಟೈರ್ ಬದಲಿಸಬೇಕಿತ್ತು. ಕ್ಯಾಂಪಿಗೆ ಹೋಗುವ ಗಾಡಿ ಹೊರಡುವ ಹೊತ್ತಾಗಿತ್ತು. ಹಬ್ಬಿನ (ಗಾಲಿ ಕೂರಿಸುವ ಭಾಗ) ಮುಖ ಮತ್ತು ಗಾಲಿಯ ಡಿಸ್ಕಿನ ಮುಖ ಎರಡನ್ನೂ ವೈರ್ ಬ್ರಷ್‌ನಿಂದ ಉಜ್ಜಿ ಲೋಹ ಕಾಣಿಸಬೇಕು, ಅದು ನಿಯಮ. ನಾನು ಬಟ್ಟೆಯಲ್ಲಿ ಒರೆಸಿ ಬಿಟ್ಟೆ. ನಟ್ಟುಗಳನ್ನು ಟಾರ್ಕ್ ರೆಂಚಿನಲ್ಲೇ (ಎಷ್ಟು ಬಿಗಿಯಬೇಕೋ ಅಷ್ಟಕ್ಕೆ ಸದ್ದು ಮಾಡುವ ಸ್ಪ್ಯಾನರ್) ಬಿಗಿದೆ, 600 ನ್ಯೂಟನ್ ಮೀಟರ್, ಕಟ್ ಅಂತ ಸದ್ದೂ ಬಂತು. ಸಹಿ ಹಾಕಿದೆ. ಮರುದಿನ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು. ಆ ಚೀಟಿ ನನ್ನ ಜೇಬಲ್ಲೇ ಉಳಿಯಿತು.

ಅದರ ಮರುದಿನ ಬೆಳಗಿನ ಜಾವ 5 ಗಂಟೆ. ಅದೇ ಪೇಶಾವರದ ಡ್ರೈವರ್ ಹೊರಡುವ ಮುಂಚೆ ಟಾರ್ಚ್ ಹಿಡಿದು ಬಸ್ ಸುತ್ತ ನಡೆಯುತ್ತಿದ್ದ. ಪ್ರತಿ ನಟ್ಟಿನ ಮೇಲೆ ಹಳದಿ ಪ್ಲಾಸ್ಟಿಕ್ಕಿನ ಪುಟ್ಟ ಬಾಣ ಇರುತ್ತದೆ, ಎರಡೆರಡು ಬಾಣ ಎದುರುಬದುರು ಮೂತಿ ಮಾಡಿಕೊಂಡಿರುವ ಹಾಗೆ ಕೂರಿಸಿರುತ್ತೇವೆ. ನಟ್ ಸಡಿಲವಾಗಿ ತಿರುಗಿದರೆ ಬಾಣವೂ ತಿರುಗುತ್ತದೆ. ಅವನು ನನ್ನನ್ನು ಕರೆದು, ಏನೂ ಹೇಳದೆ ಟಾರ್ಚ್ ಹಾಕಿ ತೋರಿಸಿದ. ಮೂರು ಬಾಣಗಳು ಬೇರೆ ಕಡೆ ಮುಖ ಮಾಡಿದ್ದವು.

ನಾನು ಉಜ್ಜದೆ ಬಿಟ್ಟಿದ್ದ ತುಕ್ಕು, ಪೇಂಟು ಗಾಡಿ ಓಡುವಾಗ ಪುಡಿಯಾಗಿ ಉದುರಿತ್ತು. ಅದು ಉದುರಿದಷ್ಟು ಜಾಗ ಸಡಿಲ. ನಟ್ ಎಷ್ಟು ಬಿಗಿದಿದ್ದರೂ ಅಷ್ಟೇ.

ಆ ಬಸ್ ಅವತ್ತು ಹೊರಡಲಿಲ್ಲ, ಬೇರೆ ಬಸ್ ಹೋಯಿತು. ನಮ್ಮ ಸೂಪರ್‌ವೈಸರ್ ತ್ರಿಶೂರ್ ಕಡೆಯವರು. ಬೈಯುತ್ತಾರೆ ಅಂತ ತಲೆ ತಗ್ಗಿಸಿ ನಿಂತಿದ್ದೆ. "ಆ ರೂಟಲ್ಲಿ ಎಷ್ಟು ಮಕ್ಕಳು ಗೊತ್ತಾ ಮೋನೇ?" ಅಂದರು. ಮೋನೇ ಅಂದರೆ ಮಲಯಾಳಂನಲ್ಲಿ ಮಗನೇ ಅಂತ. ಗೊತ್ತಿರಲಿಲ್ಲ. "ಹೋಗಿ ಲಿಸ್ಟ್ ನೋಡ್ಕೊಂಡು ಬಾ" ಅಂದರು. ನೋಡಿಕೊಂಡು ಬಂದೆ. 43. ಮೆಮೋ ಕೊಟ್ಟಿದ್ದು ಆಮೇಲೆ. ಅದು ನನಗೆ ಅಷ್ಟು ತಾಗಲಿಲ್ಲ.

ಹೊರಡಬೇಕು ಅಂತಿರುವ ಹುಡುಗರಿಗೆ ಒಂದು ಮಾತು. ಭಾರತ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಂದಣಿ ಆದ ಏಜೆಂಟ್ ಹತ್ತಿರ ಮಾತ್ರ ಹೋಗಿ. ಅವರು ತೆಗೆದುಕೊಳ್ಳಬಹುದಾದ ಫೀಸು 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ, ಅಷ್ಟೇ. ಲಕ್ಷ ಲಕ್ಷ ಕೇಳಿದರೆ ಎದ್ದು ಬನ್ನಿ. ಮತ್ತೆ, ಹಿಂದಿ ಸ್ವಲ್ಪ ರೂಢಿ ಮಾಡಿಕೊಳ್ಳಿ, ವರ್ಕ್‌ಶಾಪ್ ನಡೆಯುವುದೇ ಅದರಲ್ಲಿ. ಜಾಬ್ ಕಾರ್ಡ್ ಇಂಗ್ಲಿಷಿನಲ್ಲಿ ಬರೆಯಬೇಕು. ದೊಡ್ಡ ಇಂಗ್ಲಿಷ್ ಏನಲ್ಲ, ಏನು ಬಿಚ್ಚಿದೆ, ಏನು ಹಾಕಿದೆ, ಏನು ಕಂಡೆ ಅಂತ ಬರೆಯಲು ಬಂದರೆ ಸಾಕು. ನನಗೆ ಇವತ್ತಿಗೂ ಬ್ರೇಕ್‌ನ ಸ್ಪೆಲಿಂಗ್ ತಪ್ಪುತ್ತದೆ, ಒಡೆಯುವ ಬ್ರೇಕ್ ಬರೆದುಬಿಡುತ್ತೇನೆ.

ನಮ್ಮವ್ವ ಓಣಿಯಲ್ಲೆಲ್ಲ ಮಗ ದುಬೈದಾಗ ಎಂಜಿನಿಯರ್ ಅಂತ ಹೇಳಿಕೊಂಡು ಬಂದಿದ್ದಾಳೆ. ಹೋದ ಸಲ ರಜೆಗೆ ಬಂದಾಗ ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ರಾಣೆಬೆನ್ನೂರು ಬಸ್ ಹತ್ತಬೇಕಿತ್ತು. ಅವ್ವ ಹತ್ತಿ ಸೀಟು ಹಿಡಿದಿದ್ದಾಳೆ, ನಾನು ಹಿಂದಿನ ಗಾಲಿ ಹತ್ತಿರ ಕುಕ್ಕರಗಾಲಲ್ಲಿ ಕೂತು ನಟ್ಟುಗಳ ಸುತ್ತ ತುಕ್ಕಿನ ಗೆರೆ ಇಳಿದಿದೆಯಾ ಅಂತ ನೋಡುತ್ತಿದ್ದೇನೆ. ಕಂಡಕ್ಟರ್ ಬಾಗಿಲಿಂದ ಬಗ್ಗಿ ಕೇಳಿದರು, "ಯಣ್ಣಾ, ಏನರ ಕಳಕೊಂಡೀರೇನ್ರೀ?"

"ಇಲ್ರೀ" ಅಂದು ಬಸ್ ಹತ್ತಿದೆ. ನಟ್ಟುಗಳೆಲ್ಲ ಬಿಗಿಯಾಗಿಯೇ ಇದ್ದವು.