ಮದ್ದಳೆಗೆ ಹೊಟ್ಟೆ ಕೊಟ್ಟ 2.35 ಓಮ್

ಒಂದು ಆಂಪ್ಲಿಫಯರಿನಲ್ಲಿ ತುಂಬಿ ಬರುವ ಮದ್ದಳೆ ಇನ್ನೊಂದರಲ್ಲಿ ಒಣಗುವುದೇಕೆ ಎಂಬ ಮೂರು ವಾರಗಳ ತಲೆಬಿಸಿ ನಿನ್ನೆ ರಾತ್ರಿ ಇಳಿಯಿತು. ಇಎಲ್84 ಎಂಬ ವಾಲ್ವಿನ (ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ನಳಿಕೆ) ಆಂಪ್ಲಿಫಯರ್ ಕಟ್ಟಿದ್ದು, ಅದರ ಹಮ್ ಎಂಬ ಗುಂಯ್‌ಗುಡುವಿಕೆ ಓಡಿಸಿದ್ದು ಬೇರೆಯೇ ಪಾಡು, ಅದು ಇಲ್ಲಿ ಬೇಡ.

ಬದಿಯಡ್ಕದ ನಮ್ಮ ಮನೆಯ ಚಾವಡಿಯಲ್ಲಿ ಈಗ ಆಂಪ್ಲಿಫಯರ್ ಎರಡು. ಸ್ಪೀಕರ್ ಒಂದೇ ಬಗೆ, ಪೆಟ್ಟಿಗೆಯಿಲ್ಲದೆ ಬರಿಯ ಹಲಗೆಗೆ ಬಿಗಿದ, ಎಲ್ಲ ಸ್ವರವನ್ನೂ ಒಂದೇ ಕೋನು ನುಡಿಸುವ ಎಂಟಿಂಚಿನ ಫುಲ್‌ರೇಂಜ್. ನಾನು ಕೇಳುವುದು ಹೆಚ್ಚಾಗಿ ತೆಂಕುತಿಟ್ಟಿನ ಯಕ್ಷಗಾನದ ಧ್ವನಿಮುದ್ರಣಗಳು. ಎಲ್‌ಎಂ3886 ಚಿಪ್ಪಿನ ಆಂಪ್ಲಿಫಯರಿನಲ್ಲಿ ಚೆಂಡೆಯ ಕೋಲು ಚರ್ಮಕ್ಕೆ ತಾಗುವ ಆ ಚುರುಕು ಹಾಗೆಯೇ ಬರುತ್ತದೆ, ಆದರೆ ಮದ್ದಳೆ ಒಣಗಿದ ಡಬ್ಬಿಯಂತೆ. ವಾಲ್ವಿಗೆ ಬದಲಿಸಿದರೆ ಮದ್ದಳೆಗೆ ಹೊಟ್ಟೆ ಬರುತ್ತದೆ, ಭಾಗವತರು ಎದುರಿಗೇ ಕುಳಿತಂತಾಗುತ್ತದೆ. ಆದರೆ ಟ್ರಯೋಡ್ ಜೋಡಣೆಯ ಒಂದು ವಾಲ್ವಿನಿಂದ ಎರಡು ವಾಟ್ ಹುಟ್ಟುವುದೂ ಕಷ್ಟ. ಯುದ್ಧದ ಸನ್ನಿವೇಶದಲ್ಲಿ ಚೆಂಡೆ ಏರಿತೋ, ಎಲ್ಲ ಕಲಸಿಹೋಯಿತು.

ವಾಲ್ವಿನ ಮಾಧುರ್ಯ ಎಂದು ಸುಮ್ಮನಾಗಲು ಮನಸ್ಸಾಗಲಿಲ್ಲ. ಸ್ಪೀಕರಿನ ಇಂಪೀಡೆನ್ಸ್, ಅಂದರೆ ಸ್ವರಮಟ್ಟದೊಂದಿಗೆ ಬದಲಾಗುವ ಅದರ ರೋಧ, ಅಳೆದೆ. ಹೆಸರಿಗೆ 8 ಓಮ್. 60 ಹರ್ಟ್ಸಿನ ಹತ್ತಿರ, ಕೋನಿನ ಅನುರಣನದಲ್ಲಿ, 40ಕ್ಕೆ ಏರುತ್ತದೆ. ವಾಲ್ವಿನ ಒಳರೋಧ ಸುಮಾರು 2 ಕಿಲೋಓಮ್. 5 ಕಿಲೋಓಮಿನಿಂದ 8 ಓಮಿಗೆ ಇಳಿಸುವ ಟ್ರಾನ್ಸ್‌ಫಾರ್ಮರ್ ದಾಟಿದಾಗ ಅದು 3.2, ಸುರುಳಿಯ ತಂತಿಯದ್ದೂ ಸೇರಿದರೆ 4 ಎನ್ನಿ. ಹಾಗಾಗಿ ಉಳಿದೆಡೆ ಆಂಪ್ಲಿಫಯರ್ ಒಳಗೇ ನುಂಗುವ ವೋಲ್ಟೇಜು 60 ಹರ್ಟ್ಸಿನಲ್ಲಿ ಬಹುಪಾಲು ಸ್ಪೀಕರಿಗೆ ಸಿಗುತ್ತದೆ: 2.7 ಡೆಸಿಬೆಲ್ ಹೆಚ್ಚು. ಬರಿಯ ಹಲಗೆ ಕಳೆದುಕೊಳ್ಳುವ ತಗ್ಗುಸ್ವರದಲ್ಲಿ ಒಂದಿಷ್ಟನ್ನು ವಾಲ್ವು ತುಂಬಿಕೊಡುತ್ತಿತ್ತು! ಚಿಪ್ಪಿನ ಹೊರರೋಧ ಸೊನ್ನೆಗೆ ಹತ್ತಿರ, ಅದಕ್ಕೆ ಈ ಏರಿಳಿತವೇ ಇಲ್ಲ.

ಹಾಗಾದರೆ ಚಿಪ್ಪಿಗೂ ಸ್ಪೀಕರಿಗೂ ನಡುವೆ ಸರಣಿಯಲ್ಲಿ ಒಂದು ರೆಸಿಸ್ಟರ್ ಇಟ್ಟರೆ? 2.2 ಓಮ್, ಹತ್ತು ವಾಟಿನದ್ದು ತರಿಸಿದೆ. ಒಂಬತ್ತು ದಿನ ಕಾಯಿಸಿ ಬಂದ ಪೊಟ್ಟಣದ ಮೇಲೆ 2.2, ಒಳಗೆ 22. ಮಾರಿದವರಿಗೆ ಫೋಟೋ ಕಳುಹಿಸಿದರೆ ‘ಪೊಟ್ಟಣ ಸರಿಯಾಗಿದೆಯಲ್ಲ’ ಎಂಬ ಉತ್ತರ. ಒಂದು ಬಿಂದು ಎಲ್ಲಿದೆ ಎಂದು ನೋಡದವರು ಬಿಡಿಭಾಗ ಮಾರಬಾರದು. ಕೊನೆಗೆ ಹಳೆಯ ಟಿವಿಯಿಂದ ಕಿತ್ತ 4.7ರ ನಾಲ್ಕನ್ನು ಎರಡೆರಡಾಗಿ ಸಮಾಂತರ ಬೆಸೆದೆ: ಜೋಡಿಗೆ 2.35.

ಲೆಕ್ಕಕ್ಕೆ 1.7 ಡೆಸಿಬೆಲ್ ಏರಿಕೆ. ಕಿವಿಗೆ ಅದು ಬೇರೆಯೇ ಮನೆ. ಚೆಂಡೆಯ ಚುರುಕು ಉಳಿದು, ಅದರಡಿಯಲ್ಲಿ ಮದ್ದಳೆಯ ಗುಂಯ್ ಎಂಬ ಕಂಪನ ತುಂಬಿಕೊಂಡಿತು. ಮದ್ದಳೆ ಬಾರಿಸುವ ಸೋದರಮಾವನನ್ನು ಕೂರಿಸಿ, ಏನೂ ಹೇಳದೆ ಕೇಳಿಸಿದೆ. ‘ಈಗ ಎರಡು ಕೈಯೂ ಕೇಳುತ್ತದೆ ಮಾರಾಯ’ ಎಂದರು.

ಇದನ್ನೇ ಅಪ್ಪನ ಟೂ–ವೇ (ತಗ್ಗಿಗೊಂದು, ಏರಿಗೊಂದು ಸ್ಪೀಕರ್ ಇರುವ) ಪೆಟ್ಟಿಗೆಗೆ ಹಾಕಿದಾಗ ಮಾತ್ರ ಕೆಟ್ಟಿತು. ಅದರಲ್ಲಿ ಸ್ವರವನ್ನು ಎರಡಕ್ಕೂ ಹಂಚುವ ಕ್ರಾಸೋವರಿನ ಬಳಿ, 2500 ಹರ್ಟ್ಸಿನಲ್ಲಿ, ಇಂಪೀಡೆನ್ಸಿನ ಇನ್ನೊಂದು ಗುಡ್ಡವಿದೆ. ಭಾಗವತರ ಸ್ವರ ಮೂಗಿನಿಂದ ಬಂದಂತಾಯಿತು. ಆ ಪೆಟ್ಟಿಗೆಗೆ ಬರಿಯ ಚಿಪ್ಪೇ ಸರಿ.

ಅಂದ ಹಾಗೆ, ಮದ್ದಳೆಯ ಕಳಸಿಗೆ, ಅಂದರೆ ಅದರ ಮರದ ಒಡಲು, ಹಲಸಿನ ಮರದ್ದು. ನಮ್ಮ ತೋಟದ ಅಂಚಿನಲ್ಲಿ ಬಿದ್ದ ಹಲಸು ಕೊಯ್ಯಿಸಿ ಇಟ್ಟಿದ್ದೇನೆ, ಮಳೆಗಾಲ ಮುಗಿದು ಒಣಗಿದರೆ ಹೊಸ ಹಲಗೆ ಅದರಲ್ಲೇ, ಅಗಲ ಒಂದಡಿ ಹೆಚ್ಚಿಸಿ. ಆಗ ತಗ್ಗುಸ್ವರ ತಾನೇ ಹೆಚ್ಚುತ್ತದೆ, 2.35 ಅತಿಯಾದೀತು. 1.5ರ ಎರಡು ಬೇಕು. ಈ ಸಲ ಮಂಗಳೂರಿಗೆ ನಾನೇ ಹೋಗಿ, ಮೀಟರ್ ಹಿಡಿದು ಅಳೆದು ತರುತ್ತೇನೆ.